ಕಟ್ಟಿಟ್ಟ ಸಾಲು

ಅಚ್ಚುಕೂಟದಲ್ಲಿ ಕರಡು ತಿದ್ದುವವಳನ್ನು ಎಲ್ಲರೂ ಸೂಜಿಯಕ್ಕ ಅಂತಲೇ ಕರೆಯುತ್ತಿದ್ದರು. ಅವಳ ಕಣ್ಣು ತಪ್ಪಿಸಿ ಒಂದು ಚುಕ್ಕೆಯೂ ಹೊರಗೆ ಹೋಗುವಂತಿರಲಿಲ್ಲ. ಯುದ್ಧ ಮುಗಿದ ಮೇಲೆ ಅಲ್ಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ಒಂದೇ ಕೆಲಸ: ಸತ್ತ ಸಿಪಾಯಿಗಳ ಕಾಗದಗಳನ್ನು ಒಟ್ಟು ಮಾಡಿದ ಪುಸ್ತಕ. ಮೂರು ಭಾಗ ಬಂದಿದ್ದವು. ಮೂಲ ಕಾಗದಗಳು ಅಚ್ಚುಕೂಟದ ಯಜಮಾನರ ಹತ್ತಿರವೇ ಇರುತ್ತಿದ್ದವು, ಅವಳ ಮೇಜಿಗೆ ಬರುತ್ತಿದ್ದದ್ದು ಕರಡು ಮಾತ್ರ. ನಾಲ್ಕನೆಯದಕ್ಕೆ ಅವಳು ತನ್ನ ತಮ್ಮನ ಕೊನೆಯ ಕಾಗದವನ್ನು ತಾನೇ ಕೊಟ್ಟಿದ್ದಳು. ಅವನ ಮಾತು ಅವನು ಬರೆದ ಹಾಗೇ ಒಂದು ಕಡೆ ಉಳಿಯಲಿ, ಅಷ್ಟೇ ಆಸೆ.

ಬೆಳಿಗ್ಗೆ ಕರಡು ಬಂತು. ತಮ್ಮನ ಕಾಗದದ ಕೊನೆಯನ್ನು ಅವಳು ಎರಡೆರಡು ಸಲ ಓದಿದಳು. ತಮ್ಮ ಬರೆದ ಕೊನೆಯ ಪ್ಯಾರಾ ಮಾಯ. ಅದರ ಜಾಗದಲ್ಲಿ ಬೇರೆಯೇ ಒಂದು ಸಾಲು ಕೂತಿತ್ತು: ದೇವರು ನನ್ನ ಪಕ್ಕದಲ್ಲೇ ನಿಂತಿದ್ದಾನೆ, ನನಗೆ ಭಯವಿಲ್ಲ.

ಸೀಸದ ಅಚ್ಚುಮೊಳೆ ಜೋಡಿಸುವ ಮುದುಕನನ್ನು ಕೇಳಿದಳು. ಆತ ಕನ್ನಡಕ ಹಣೆಗೇರಿಸಿ, ಇದೇನು ಹೊಸದೇನಮ್ಮ ಅಂದ. ಮೊದಲ ಭಾಗದಿಂದಲೂ ಇದೇ ಪದ್ಧತಿಯಂತೆ. ದೇವರ ಮೇಲೆ ನಂಬಿಕೆಯ ಮಾತಿಲ್ಲದೆ ಮುಗಿಯುವ ಕಾಗದಕ್ಕೆಲ್ಲ ಆ ಸಾಲು ಅಂಟಿಸುವುದು, ಅದಕ್ಕೆ ಅಡ್ಡ ಬರುವ ಪ್ಯಾರಾ ತೆಗೆದುಬಿಡುವುದು. ಪ್ರತಿ ಸಲ ಜೋಡಿಸಲು ಬೇಸರವಾಗಿ, ಅದೇ ಸಾಲನ್ನು ಹತ್ತು ಸಲ ಜೋಡಿಸಿ ದಾರ ಸುತ್ತಿ ಕಟ್ಟಿಟ್ಟಿದ್ದ. ಕೈಯಾಡಿ ಆಡಿ ಆ ಸೀಸದ ಕಟ್ಟುಗಳು ಸೋಪಿನ ಚೂರಿನಂತೆ ನುಣ್ಣಗಾಗಿದ್ದವು. ಹಿಂದಿನ ಭಾಗಗಳಲ್ಲಿ ಅದೇ ಸಾಲು ಮತ್ತೆ ಮತ್ತೆ ಬಂದಾಗ, ಪಾಪ, ಹುಡುಗರಿಗೆ ದಂಡಿನಲ್ಲೇ ಹೇಳಿಕೊಟ್ಟಿರಬೇಕು ಅಂದುಕೊಂಡು ಸೂಜಿಯಕ್ಕ ಕಣ್ಣೀರು ಹಾಕಿದ್ದೂ ಉಂಟು. ಆ ಕಣ್ಣೀರು ನೆನೆದರೆ ಈಗ ಮೈಯೆಲ್ಲ ಮುಜುಗರ.

ಕರಡು ಹಿಡಿದು ಯಜಮಾನರ ಹತ್ತಿರ ಹೋದಳು. ಅವರು ದನಿ ಏರಿಸುವ ಪೈಕಿ ಅಲ್ಲ.

"ಸುಳ್ಳಲ್ಲಮ್ಮ ಅದು, ಸಮಾಧಾನ. ಓದೋರು ತಾಯಂದಿರು. ನಿಮ್ಮಮ್ಮನಿಗೆ ಆ ಪ್ಯಾರಾ ಓದಿ ಹೇಳಿದ್ದೀಯಾ?"

ಅಮ್ಮನಿಗೆ ಕಣ್ಣು ಮಂಜು. ಎಂಟು ತಿಂಗಳಿಂದ ಕಾಗದ ಓದಿ ಹೇಳುತ್ತಿದ್ದವಳು ಇವಳೇ. ಆ ಪ್ಯಾರಾ ಹಾರಿಸಿ, ಒಂದು ಪ್ರಾರ್ಥನೆಯ ಮಾತನ್ನು ತಾನೇ ಸೇರಿಸಿ ಮುಗಿಸುತ್ತಿದ್ದವಳೂ ಇವಳೇ. ಅಮ್ಮ ಅದನ್ನೇ ತಿರುಗಿ ಹೇಳಿಕೊಂಡು ಕೈ ಮುಗಿಯುತ್ತಿದ್ದಳು. ಯಜಮಾನರದ್ದು ಸೀಸದ ಸಾಲು, ತನ್ನದು ಬಾಯಿಯ ಸಾಲು. ಅವರ ಮೇಲೆ ಬಂದಿದ್ದ ಹೇಸಿಗೆ ತಿರುಗಿ ತನ್ನ ಮೈಗೇ ಅಂಟಿತು.

ಮಧ್ಯಾಹ್ನದ ಬಿಡುವಿನಲ್ಲಿ ತಮ್ಮನ ಕಾಗದವನ್ನು ಯಜಮಾನರಿಂದ ಕೇಳಿ ತೆಗೆದುಕೊಂಡು ಮನೆಗೆ ಹೋಗಿ, ಅಮ್ಮನನ್ನು ಕೂರಿಸಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಓದಿದಳು.

"ಅಕ್ಕಾ, ನಿನ್ನೆ ದಂಡಿನ ಗುರುಗಳು ಫಿರಂಗಿಗೆ ನೀರು ಚಿಮುಕಿಸಿ ಹರಸಿದರು. ಮಧ್ಯಾಹ್ನ ಅದೇ ಫಿರಂಗಿ ಒಂದು ಶಾಲೆಗೆ ಹೊಡೆಯಿತು. ಸಂಜೆ ಗುರುಗಳು ನಮ್ಮ ಜೊತೆ ಊಟಕ್ಕೆ ಕೂತು, ಎರಡನೇ ಸಲ ಹಾಕಿಸಿಕೊಂಡರು. ದೇವರಿಲ್ಲ ಅಂತ ನಾನು ಹೇಳಲ್ಲ. ಇದ್ದರೆ ಇಲ್ಲೇ ಎಲ್ಲೋ ಕೂತು ನೋಡ್ತಿದ್ದ ಅಂತಾಯ್ತಲ್ಲ, ಅದಕ್ಕೇ ವಾಕರಿಕೆ. ಪ್ರಾರ್ಥನೆ ಬಿಟ್ಟಿದ್ದೀನಿ. ಅಮ್ಮನಿಗೆ ಹೇಳಬೇಕೋ ಬೇಡವೋ, ನೀನೇ ನೋಡಿಕೋ."

ಹಾಗಾದರೆ ಆ ಪ್ರಾರ್ಥನೆ ಯಾರದ್ದು ಅಂತ ಅಮ್ಮ ಕೇಳಿದಳು. ಮಗಳು ನನ್ನದು ಅಂದಳು. ಅಮ್ಮ ಗೋಡೆ ಹಿಡಿದುಕೊಂಡು ನಲ್ಲಿಯ ಹತ್ತಿರ ಹೋಗಿ ಎರಡು ಸಲ ಬಾಯಿ ಮುಕ್ಕಳಿಸಿ ಉಗಿದಳು.

"ಎಂಟು ತಿಂಗಳು ನಿನ್ನ ಬಾಯಿಗೆ ಕೈ ಮುಗಿದ ಹಾಗಾಯ್ತಲ್ಲೇ. ನನ್ನ ಮಗನಿಗೆ ದೇವರ ಮೇಲೆ ಸಿಟ್ಟಿದ್ರೆ ಅದು ಅವರಿಬ್ಬರ ಮಧ್ಯೆ. ರಾಜಿ ಮಾಡಿಸೋಕೆ ನೀನ್ಯಾರು? ಅವನ ಮಾತು ಹಾಕ್ತಾರಾ ಕೇಳು. ಇಲ್ಲಾಂದ್ರೆ ಕಾಗದ ವಾಪಸ್ ತಾ."

ಯಜಮಾನರು ಆಗುವುದಿಲ್ಲ ಅಂದರು. ಅವಳು ಕಾಗದವನ್ನು ಅವರ ಕೈಗೆ ಮರಳಿ ಕೊಡಲಿಲ್ಲ. ಅವರಿಗಿದ್ದ ಚಿಂತೆ ಒಂದೇ, ಖಾಲಿ ಬಿದ್ದ ಎರಡು ಪುಟಕ್ಕೆ ಏನು ತುಂಬುವುದು. ಸಂಜೆಯೊಳಗೆ ಮೇಣದಬತ್ತಿ ಅಂಗಡಿಯ ಜಾಹೀರಾತು ಸಿಕ್ಕಿತು. ಅದರ ಕರಡು ಇನ್ನೂ ಶಾಯಿ ಆರದೆ ಅವಳ ಮೇಜಿಗೆ ಬಂತು. ಸೂಜಿಯಕ್ಕ ಅದನ್ನು ತಿದ್ದದೆ ಬೆರಳ ತುದಿಯಿಂದ ಆಚೆ ಸರಿಸಿ, ತಮ್ಮನ ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.