ನೀಲಿ ಮುಚ್ಚಳ

ಜರಡಿಯ ಮೇಲೆ ಸಣ್ಣಗೆ ನೀರು ಬಿಟ್ಟುಕೊಂಡು ಕೆಸರನ್ನು ಬೆರಳಿನಿಂದ ಆಡಿಸುತ್ತಿದ್ದೆ. ನಯವಾದದ್ದೆಲ್ಲ ಬೂದುಬಣ್ಣದ ಹಾಲಿನ ಹಾಗೆ ಬಕೆಟ್ಟಿಗೆ ಇಳಿದುಹೋಗಿ, ಜರಡಿಯಲ್ಲಿ ಚಿಟಿಕೆಯಷ್ಟು ಮರಳು ಉಳಿದಿತ್ತು. ಆಗ ಪ್ರೊಫೆಸರ್ ಹಾಯೋ ಉಬೆನ್ ಬಂದರು.

"ಮೋಯಿನ್, ಗೆಸೀನೆ," ಎಂದು ನಮ್ಮ ಉತ್ತರ ಜರ್ಮನಿಯ ನಮಸ್ಕಾರ ಹೇಳಿದರು.

"ಮೋಯಿನ್. ಬೂಟು ಒರೆಸ್ಕೊಂಡು ಬನ್ನಿ ಪ್ರೊಫೆಸರ್ರೇ. ಆ ಮಣ್ಣು ನನ್ನ ಜರಡಿಗೆ ಬಿದ್ರೆ ಅದರ ಮೇಲೂ ಒಂದು ಪುಸ್ತಕ ಬರೆದುಬಿಡ್ತೀರಿ."

ಮೊದಲಾದರೆ ನಗುತ್ತಿದ್ದರು. ಈಗ ಕೋಟನ್ನೂ ಬಿಚ್ಚದೆ ಸ್ಟೂಲಿನ ಮೇಲೆ ಕುಳಿತರು. ಕಿಟಕಿಯಾಚೆ ಬ್ರೆಮರ್‌ಹಾಫೆನ್ನಿನ ಬಂದರು ಮಂಜಿನಲ್ಲಿ ಅಳಿಸಿಹೋಗಿತ್ತು.

ರಾತ್ರಿ ಶಾಲೆ ಮುಗಿಸಿ ನಾನು ಕಡಲತಳವನ್ನು ಅಧ್ಯಯನ ಮಾಡುವ ಈ ಸಂಸ್ಥೆಗೆ ಸಹಾಯಕಿಯಾಗಿ ಸೇರಿದಾಗ ಮೊದಲ ಪಾಠ ಹೇಳಿಕೊಟ್ಟವರು ಇವರೇ. ಕಡಲಿನ ತಳದಲ್ಲೂ ನೀರು ಹರಿಯುತ್ತದೆ. ಜೋರಾಗಿ ಹರಿದರೆ ನಯವಾದ ಹೂಳನ್ನು ಹೊತ್ತೊಯ್ದು ದಪ್ಪ ಕಣಗಳನ್ನು ಬಿಟ್ಟುಹೋಗುತ್ತದೆ. ಸೋತು ಹರಿದರೆ ನಯವಾದದ್ದೂ ಅಲ್ಲೇ ಕೂರುತ್ತದೆ. ಹಡಗಿನಿಂದ ಕೊಳವೆ ಇಳಿಸಿ ಆ ಕೆಸರನ್ನು ಕಂಬದಂತೆ ಮೇಲೆತ್ತಿ ತುಂಡರಿಸುತ್ತಾರೆ. ಕತ್ತರಿಸಿದ ಕೂಡಲೇ ಪ್ರತಿ ತುಂಡಿನ ಮೇಲ್ತುದಿಗೆ ನೀಲಿ ಮುಚ್ಚಳ, ಕೆಳತುದಿಗೆ ಬಿಳಿ ಮುಚ್ಚಳ. ಆಮೇಲೆ ಕೆಸರಿನ ತಲೆ ಯಾವುದು, ಕಾಲು ಯಾವುದು ಎನ್ನುವುದಕ್ಕೆ ಆ ಮುಚ್ಚಳವೇ ಸಾಕ್ಷಿ.

ಐಸ್‌ಲ್ಯಾಂಡಿನ ದಕ್ಷಿಣದಿಂದ ತಂದ ಅಂಥದ್ದೊಂದು ತುಂಡಿನ ಮೇಲೆಯೇ ಪ್ರೊಫೆಸರರ ಹೆಸರು ನಿಂತಿತ್ತು. ಅಲ್ಲಿನ ಆಳದ ಹರಿವು ಕಾಲ ಕಳೆದಂತೆ ಸೋಲುತ್ತಾ ಬಂತು ಎಂದು ಅವರು ಬರೆದಿದ್ದರು. ಅವರ ಶಿಷ್ಯೆ ಟೊಮ್ಮಾ ಪಕ್ಕದ ಕೊಳವೆಯ ಕೆಸರನ್ನು ಅಳೆದು, ಇಲ್ಲ, ಹರಿವು ಜೋರಾಗುತ್ತಾ ಬಂತು ಎಂದಳು. "ಈ ಹುಡುಗಿಗೆ ಜರಡಿ ಹಿಡಿಯೋಕೂ ಬರಲ್ಲ" ಎಂದು ಪ್ರೊಫೆಸರರು ಪರೀಕ್ಷಕರ ಮುಂದೆಯೇ ಅಂದುಬಿಟ್ಟರು. ಟೊಮ್ಮಾ ಪದವಿಯನ್ನು ಅರ್ಧಕ್ಕೇ ಬಿಟ್ಟು ಹೋದಳು. ಈಗ ನಾರ್ಡೈಶ್‌ನಲ್ಲಿ, ದ್ವೀಪಕ್ಕೆ ಹೋಗುವ ದೋಣಿಗಳ ಟಿಕೆಟ್ ಕೊಡುತ್ತಾಳೆ.

ಕಳೆದ ಶರತ್ಕಾಲದಲ್ಲಿ, ಹೊಸ ಉಗ್ರಾಣಕ್ಕೆ ಸಾಗಿಸುವ ಮೊದಲು, ಹಳೆಯ ತುಂಡುಗಳಿಗೆಲ್ಲ ಎಕ್ಸ್-ರೇ ತೆಗೆಸಿದರು. ಪ್ರೊಫೆಸರರ ತುಂಡಿನ ನಡುವೆ ಜ್ವಾಲಾಮುಖಿ ಬೂದಿಯ ಒಂದು ಪಟ್ಟಿ ಕಂಡಿತು. ಬೂದಿ ಒಮ್ಮೆಲೇ ಬೀಳುತ್ತದೆ, ಹಾಗಾಗಿ ಅದರ ಅಡಿಯಂಚು ಚಾಕುವಿನಿಂದ ಕೊಯ್ದಂತಿರುತ್ತದೆ; ಮೇಲಂಚನ್ನು ಹುಳುಗಳು ಕಲಕಿ ಮಸುಕು ಮಾಡಿರುತ್ತವೆ. ಇಲ್ಲಿ ಕೊಯ್ದಂಥ ಅಂಚು ನೀಲಿ ಮುಚ್ಚಳದ ಕಡೆಗಿತ್ತು. ಪ್ರೊಫೆಸರರೇ ಅದನ್ನು ಗುರುತಿಸಿ, ನನ್ನನ್ನು ಕರೆದು ತೋರಿಸಿದರು. ಕೆಸರು ಇಷ್ಟು ವರ್ಷ ತಲೆಕೆಳಗಾಗಿ ಮಲಗಿತ್ತು. ಟೊಮ್ಮಾ ಹೇಳಿದ್ದೇ ಸರಿ.

ಅಂದಿನಿಂದ ಅವಳಿಗೆ ಬರೆದ ಕಾಗದ ಅವರ ಕೋಟಿನ ಜೇಬಿನಲ್ಲೇ ಇತ್ತು. ಈ ಶುಕ್ರವಾರ ಅವರಿಗೆ ನಿವೃತ್ತಿಯ ಬೀಳ್ಕೊಡುಗೆ.

ನಮ್ಮ ಕಡೆಯ ಪದ್ಧತಿಯಂತೆ ಕಪ್ಪಿಗೆ ಕಲ್ಲುಸಕ್ಕರೆ ಹಾಕಿ, ಚಹಾ ಸುರಿದು, ಅಂಚಿನಿಂದ ಕೆನೆ ಇಳಿಬಿಟ್ಟೆ. ಪ್ರೊಫೆಸರರು ಚಮಚ ಹಾಕಿ ಕದಡಿಬಿಟ್ಟರು. ನಮ್ಮವರು ಯಾರೂ ಕದಡುವುದಿಲ್ಲ. ಮೊದಲು ಕೆನೆ, ಆಮೇಲೆ ಕಹಿ, ತಳದಲ್ಲಿ ಸಿಹಿ, ಹಾಗೇ ಕುಡಿಯುತ್ತೇವೆ.

"ಅಯ್ಯೋ, ಇದೇನು ಪ್ರೊಫೆಸರ್ರೇ! ನಿಮ್ಮಮ್ಮ ಇದ್ದಿದ್ರೆ ಕೈಮೇಲೇ ಬಾರಿಸ್ತಿದ್ರು."

"ಶುಕ್ರವಾರ ಒಂದು ಕಳೀಲಿ, ಗೆಸೀನೆ. ಆಮೇಲೆ ಕಾಗದ ಅಂಚೆಗೆ ಹಾಕ್ತೀನಿ."

"ಮೊದಲು ಕ್ರಿಸ್ಮಸ್ ಕಳೀಲಿ ಅಂದ್ರಿ. ಎಲ್ಲಿ, ಏನು ಬರೆದಿದೀರಿ, ಓದಿ."

ಕನ್ನಡಕ ಹುಡುಕಿ ತೊಟ್ಟು ಓದಿದರು. ಬೂದಿಯ ಪಟ್ಟಿ, ಎಕ್ಸ್-ರೇ, ಎಲ್ಲವೂ ಇತ್ತು. ಕೊನೆಗೆ: "ಅಂದು ಬಿರುಗಾಳಿಯಲ್ಲಿ, ಹಡಗಿನ ಮೇಲೆ ಯಾರೋ ಮುಚ್ಚಳಗಳನ್ನು ಅದಲುಬದಲು ಮಾಡಿದ್ದಾರೆ."

"ಯಾರೋ ಅಂದ್ರೆ? ಅವತ್ತು ಆ ಮೇಜಿನ ಹತ್ತಿರ ಎಷ್ಟು ಜನ ಇದ್ರಿ?"

"ಇಬ್ಬರು. ನಾನು, ಟೊಮ್ಮಾ."

"ಮುಚ್ಚಳ ಯಾರು ಹಾಕಿದ್ದು?"

"ಅವಳು ವಾಂತಿ ಮಾಡ್ತಾ ಕಂಬಿ ಹಿಡ್ಕೊಂಡು ನಿಂತಿದ್ಲು. ನಾನೇ ಹಾಕಿದ್ದು."

"ಹಾಗಾದ್ರೆ ಈ ಕಾಗದ ಓದಿ ಅವಳು ಏನು ಅಂದ್ಕೋತಾಳೆ? ಜರಡಿ ಹಿಡಿಯೋಕೆ ಬರಲ್ಲ ಅಂದ್ರು, ಈಗ ಮುಚ್ಚಳ ಹಾಕೋಕೂ ಬರಲ್ಲ ಅಂತಿದಾರೆ ಅಂತ."

ಅವರ ಮುಖ ಜರಡಿಯ ಕೆಳಗಿನ ನೀರಿನ ಬಣ್ಣಕ್ಕೆ ತಿರುಗಿತು. ಅವರ ಕಪ್ಪಿಗೆ ಚಹಾ ತುಂಬಲು ಕೆಟಲ್ ಎತ್ತಿದೆ. ಇನ್ನು ಸಾಕು ಎನ್ನುವಂತೆ ಅವರು ಚಮಚವನ್ನು ಕಪ್ಪಿನೊಳಗೆ ನಿಲ್ಲಿಸಿದರು. ಹೊಸ ಹಾಳೆ ಕೇಳಿ ಪಡೆದು ಬರೆದರು. "ಯಾರೋ" ಇದ್ದ ಜಾಗದಲ್ಲಿ "ನಾನು" ಬಂತು. ಕೆಳಗೆ ಇನ್ನೊಂದು ಸಾಲು: "ಇದನ್ನು ಶುಕ್ರವಾರ ಸಭೆಯಲ್ಲಿ ಓದುತ್ತೇನೆ. ನೀನು ಬರಬೇಕೆಂದಿಲ್ಲ."

"ಓದಿದ ಮೇಲೆ ಕೇಕು ಯಾರೂ ಮುಟ್ಟಲ್ಲ," ಎಂದರು.

"ನಾನು ತಿಂತೀನಿ ಬಿಡಿ."

ಇಬ್ಬರೂ ಹೊರಟೆವು. ಮಂಜಿನಲ್ಲಿ ಅಂಚೆಯ ಹಳದಿ ಪೆಟ್ಟಿಗೆ ಹತ್ತಿರ ಹೋಗುವ ತನಕ ಕಾಣಲೇ ಇಲ್ಲ.

"ಇಷ್ಟು ವರ್ಷದ ಮೇಲೆ ಇದರಿಂದ ಅವಳಿಗೆ ಏನು ಸಿಗುತ್ತೆ, ಗೆಸೀನೆ?"

ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.

ಕಾಗದವನ್ನು ಅರ್ಧ ತೂರಿಸಿ ಹಾಗೇ ಹಿಡಿದು ನಿಂತರು. ಎಲ್ಲೋ ಒಂದು ಹಡಗು ಕೂಗಿತು. ಆಮೇಲೆ ಬೆರಳು ಸಡಿಲಿಸಿದರು. ಕಾಗದ ಒಳಗೆ ಬಿದ್ದ ಸದ್ದು ಕೇಳಿಸಿತು.