ಹಾಡುವವರು ಎಲ್ಲಿ ಕೂತಿದ್ದಾರೆ

ಕಾರಿನ ಹಿಂದಿನ ಸೀಟಿನಲ್ಲಿ, ಎಡಗಡೆ ಕಿಟಕಿಯ ಪಕ್ಕ ಅಣ್ಣನ ಗೆಳೆಯ ಕನಕರಾಜು ಆಗಲೇ ಕೂತುಬಿಟ್ಟಿದ್ದ. ಅದನ್ನು ಕಂಡು ಭಾನು ಬಾಗಿಲ ಬಳಿಯೇ ನಿಂತಳು.

ಎಲ್ಲಿಗೆ ಹೋದರೂ ಅವಳು ಹಿಡಿಯುವುದು ಎಡ ತುದಿಯ ಜಾಗವನ್ನೇ. ಬಸ್ಸಾದರೆ ಎಡ ಕಿಟಕಿ, ಮದುವೆಯೂಟವಾದರೆ ಸಾಲಿನ ಎಡ ಕೊನೆಯ ಎಲೆ. ಆಗ ಮಾತಾಡುವವರೆಲ್ಲ ಬಲಕ್ಕೆ ಬರುತ್ತಾರೆ. ಎಂಟನೇ ಕ್ಲಾಸಿನಲ್ಲಿದ್ದಾಗ ಮಂಗನಬಾವು ಬಂದು ಇಳಿದ ಮೇಲೆ ಅವಳ ಎಡಗಿವಿ ಕೇಳಿಸುವುದನ್ನೇ ಬಿಟ್ಟಿತ್ತು. ಮೇಷ್ಟ್ರು ಕರೆದದ್ದು ಕೇಳಿಸದೆ ಬೈಸಿಕೊಂಡಳು, ಹುಡುಗರು ನಕ್ಕರು, ಕೊನೆಗೆ ಸ್ಕೂಲನ್ನೂ ಬಿಟ್ಟಳು. ಆಮೇಲೆ ಕಲಿತದ್ದೆಲ್ಲ ಕಣ್ಣಿನಿಂದ. ಮಾತಾಡುವವರ ತುಟಿ ನೋಡುವುದು, ಎಲ್ಲರೂ ನಕ್ಕಾಗ ತಾನೂ ನಗುವುದು, ತಿಳಿಯದಿದ್ದರೆ ತಲೆ ತಗ್ಗಿಸುವುದು. ನಾಚಿಕೆ ಸ್ವಭಾವದ ಹುಡುಗಿ ಎಂದು ಅವಳ ಊರಾದ ಉಡಿಗಾಲದವರು ನಂಬಿದ್ದರು. ಅದೇನೂ ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ.

ಬೇರೆ ದಾರಿಯಿಲ್ಲದೆ ಅವಳು ಬಲಗಡೆ ಹತ್ತಿ ಕೂತಳು. ಅಣ್ಣ ನಾಗೇಂದ್ರ ಮುಂದೆ ಕೂತ. ಕಾರು ಓಡಿಸುತ್ತಿದ್ದವನು ಸುನೀಲ್ ಕುಮಾರ್. ಅವನು ಅವಳನ್ನು ನೋಡಲು ಬಂದ ಗಂಡು.

ಚಾಮರಾಜನಗರದಲ್ಲಿ ಅವನದು ಆಂಪ್ಲಿಫೈಯರ್ ರಿಪೇರಿ ಅಂಗಡಿ. ಭಾನುವಾರ ಬಂತೆಂದರೆ ಅಲ್ಲಿ ನಾಲ್ಕಾರು ಜನ ಸೌಂಡ್ ಹುಚ್ಚರು ಸೇರುತ್ತಾರೆ. ಮದುವೆ ಮುಂಜಿಗೆ ಸೌಂಡ್ ಸೆಟ್ ಕಟ್ಟುವ ನಾಗೇಂದ್ರನೂ ಅವರಲ್ಲೊಬ್ಬ, ಕನಕರಾಜುವೂ ಒಬ್ಬ. ಸಂಬಂಧದ ಮಾತು ಎದ್ದಾಗ ಸುನೀಲ ಒಂದೇ ಮಾತು ಹೇಳಿದ್ದನಂತೆ: ಉಪ್ಪಿಟ್ಟು ತಿಂದು ಮುಖ ನೋಡೋದು ನನ್ನ ಕೈಲಾಗಲ್ಲ. ಗುಂಡ್ಲುಪೇಟೆಗೆ ಹೋಗಿ ಅಪ್ಸರ್ ಪಾಷಾ ಅವರ ಹೊಸ ಸ್ಪೀಕರ್ ಕೇಳೋಣ ಅಂತ ಇದ್ದೀವಿ, ನಿನ್ನ ತಂಗೀನೂ ಕರ್ಕೊಂಡು ಬಾ.

ನಾಗೇಂದ್ರನಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಬೆಳಿಗ್ಗೆ ಹಿತ್ತಲಲ್ಲಿ ತಂಗಿಯ ಬಲಗಡೆಗೆ ಬಂದು ಪಿಸುಗುಟ್ಟಿದ್ದ.

"ಸ್ಪೀಕರ್ ಅಂಗ್ಡಿ ಕಣಮ್ಮಿ. ಅಲ್ಲಿ ಎಂಟು ಕಿವಿ ಇದ್ರೂ ಏನೂ ಕೇಳುಸಾಕಿಲ್ಲ. ಎಲ್ಲಾರೂ ಕೆಪ್ಪರಂಗೆ ಕಿರುಚ್ಕಂಡೇ ಮಾತಾಡದು. ನಿನ್ ವಿಷ್ಯ ಯಾವನ್ಗೂ ಗೊತ್ತಾಗಾಕಿಲ್ಲ. ಸುಮ್ಕೆ ನಗ್ತಾ ಇದ್ಬುಡು."

"ಆಮ್ಯಾಲೆ ಗೊತ್ತಾದ್ರೆ ಕಣಣ್ಣ?"

"ಆಮ್ಯಾಲಿನ್ ಮಾತು ಆಮ್ಯಾಲೆ. ಹಂಗಳದೋರು ಏನ್ಮಾಡುದ್ರು, ನೆಪ್ಪದಾ?"

ನೆನಪಿತ್ತು. ಹಂಗಳದ ಸಂಬಂಧ ತಾಂಬೂಲದವರೆಗೆ ಬಂದು, ಕಿವಿಯ ವಿಷಯ ತಿಳಿದ ಮೇಲೆ ಮುರಿದುಬಿದ್ದಿತ್ತು. ಅವ್ವ ಸೋಮಮ್ಮ ಒಲೆಯ ಮುಂದೆ ಕೂತು ಅತ್ತಿದ್ದಳು. ಇವತ್ತು ಹೊರಡುವಾಗಲೂ ಅವ್ವ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದ್ದಳು. ಗೊತ್ತಾದರೆ ಈ ಸಂಬಂಧವೂ ಹೋಗುತ್ತದೆ. ಗೊತ್ತಾಗದಿದ್ದರೆ ಮದುವೆಯಾದ ಮೇಲೂ ದಿನಾ ಹೀಗೇ ಅವನ ತುಟಿ ಕಾಯುತ್ತಾ ಕೂರಬೇಕು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿಕೆ ಎಂದು ಭಾನುವಿಗೇ ತಿಳಿಯುತ್ತಿರಲಿಲ್ಲ.

ತೆರಕಣಾಂಬಿ ದಾಟಿದ ಮೇಲೆ ಗಾಳಿ ಜೋರಾಯಿತು. ಕಿಟಕಿಯ ಗಾಜು ಪೂರ್ತಿ ಏರುತ್ತಿರಲಿಲ್ಲ. ಗಾಳಿಯೆಲ್ಲ ಅವಳ ಬಲಗಿವಿಗೇ ಬಡಿಯುತ್ತಿತ್ತು, ಒಳಗಿನ ಮಾತು ಒಂದೂ ದಕ್ಕಲಿಲ್ಲ. ಅರಿಶಿನದ ಹೊಲಗಳನ್ನು ನೋಡುತ್ತಿದ್ದವಳು ತಲೆ ತಿರುಗಿಸಿದಾಗ ಮುಂದಿನ ಕನ್ನಡಿಯಲ್ಲಿ ಸುನೀಲನ ಕಣ್ಣು ಕಂಡಿತು. ಅದು ಕಾಯುತ್ತಿತ್ತು. ಏನೋ ಕೇಳಿದ್ದಾನೆ! ಕನಕರಾಜು ಕೂಡ ಅವಳ ಕಡೆಗೇ ನೋಡುತ್ತಿದ್ದ. ಭಾನು ನಕ್ಕಳು. ನಗುವ ಮಾತಲ್ಲ ಅದು ಎಂದು ಮರುಕ್ಷಣವೇ ಅವರ ಮುಖದಲ್ಲಿ ಕಂಡಿತು.

ನಾಗೇಂದ್ರ ನಡುವೆ ಬಾಯಿ ಹಾಕಿ, ಕೈಯಾಡಿಸಿ ಏನೋ ಹೇಳಿದ. ಸುನೀಲ ಮತ್ತೆ ಕನ್ನಡಿ ನೋಡಲಿಲ್ಲ.

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಅಪ್ಸರ್ ಪಾಷಾ ಅವರ ಅಂಗಡಿ. ಮುಂದೆ ಮರಗೆಲಸದ ಶೆಡ್ಡು, ಅದರ ಹಿಂದೆ ಶೋರೂಮು. ಪಾಷಾ ಸಾಹೇಬರು ಗಡ್ಡದ ಮೇಲಿನ ಮರದ ಪುಡಿ ಒರೆಸಿಕೊಳ್ಳುತ್ತಾ ಬಂದರು.

"ಬನ್ನಿ ಬನ್ನಿ, ಸುನೀಲ್ ಅವ್ರೇ. ಚಪ್ಲಿ ಆಚೆ ಬುಟ್ಟು ಬನ್ನಿ. ಒಳಗಡೆ ಮೆತ್ಗೆ ಮಾತಾಡ್ಬೇಕು, ಹೇಳ್ಬುಟ್ಟಿದೀನಿ."

ಮೆತ್ತಗೆ? ಭಾನು ಅಣ್ಣನ ಮುಖ ನೋಡಿದಳು. ಅವನ ಮುಖದ ನಗು ಹಾಗೇ ಇತ್ತು, ಆದರೆ ಕಣ್ಣಲ್ಲಿ ಗಾಬರಿಯಿತ್ತು.

ಒಳಗೆ ಕಾಲಿಟ್ಟರೆ ಅದು ಅಂಗಡಿಯೇ ಅಲ್ಲ. ನಾಲ್ಕು ಗೋಡೆಗೂ ಹತ್ತಿ ತುಂಬಿದ ದಪ್ಪ ಕೌದಿ ಹೊದಿಸಿದ್ದರು. ನೆಲಕ್ಕೆ ಜಮಖಾನ. ಬಾಗಿಲು ಹಾಕಿದ್ದೇ ತಡ, ರಸ್ತೆಯ ಲಾರಿಗಳ ಸದ್ದು ಕತ್ತರಿಸಿದಂತೆ ನಿಂತಿತು. ಕನಕರಾಜು ಗಂಟಲು ಸರಿಮಾಡಿಕೊಂಡರೂ ಅದು ದೊಡ್ಡದಾಗಿ ಕೇಳಿಸುತ್ತಿತ್ತು. ಎದುರಿಗೆ ಸ್ಟ್ಯಾಂಡಿನ ಮೇಲೆ ಎರಡು ಚಿಕ್ಕ ಮರದ ಪೆಟ್ಟಿಗೆಗಳು, ಆಚೆಗೊಂದು, ಈಚೆಗೊಂದು. ಅವುಗಳ ಮುಂದೆ ಸರಿಯಾಗಿ ನಡುವೆ ಒಂದೇ ಒಂದು ಕುರ್ಚಿ.

"ಇಷ್ಟೇನಾ ಸಾಬ್ರೇ?" ಎಂದ ನಾಗೇಂದ್ರ. "ನಮ್ ಸೆಟ್ಟಲ್ಲಿ ಒಂದೊಂದು ಡಬ್ಬ ಬೀರು ಇದ್ದಂಗೆ ಅದೆ!"

"ನಿಮ್ದು ಊರ್ಗೆಲ್ಲ ಕೇಳ್ಸೋ ಸಾಮಾನು. ಇದು ಒಬ್ರಿಗೆ ಕೇಳ್ಸೋದು." ಪಾಷಾ ಕುರ್ಚಿ ತಟ್ಟಿದರು. "ಜನ ಕಣ್ಣಲ್ಲಿ ಕೇಳ್ತಾರೆ. ಡಬ್ಬ ದೊಡ್ದಿದ್ರೆ ಭಾರೀ ಸೌಂಡು ಅಂತಾರೆ. ಅದ್ಕೇ ನಮ್ ಅಂಗ್ಡೀಲಿ ಕಣ್ಣು ಕಟ್ತೀವಿ. ಹಾಡು ಹಾಕ್ತೀನಿ, ಹಾಡೋರು ಎಲ್ಲಿ ಕೂತವ್ರೆ ಅಂತ ಕೈ ಮಾಡಿ ತೋರಿಸ್ಬೇಕು. ಅಷ್ಟೇ."

ಕಣ್ಣು ಕಟ್ಟುತ್ತಾರೆ. ಭಾನು ಹಿಂದೆ ಸರಿದು ಗೋಡೆಗೊರಗಿದಳು.

ಸುನೀಲ ಮೊದಲು ಕೂತ. ಕಪ್ಪು ಬಟ್ಟೆ ಕಟ್ಟಿದರು. ಒಬ್ಬ ಹೆಂಗಸಿನ ಹಾಡು, ಜೊತೆಗೆ ವೀಣೆ. ಅವನು ತಡಮಾಡದೆ ಎರಡು ಪೆಟ್ಟಿಗೆಗಳ ನಡುವಿನ ಖಾಲಿ ಗೋಡೆಯತ್ತ ಕೈ ಚಾಚಿದ. "ಅಲ್ಲೇ ಕೂತವ್ರೆ ಸಾಬ್ರೇ. ಎದ್ದೋಗಿ ಕಾಲ್ ಮುಟ್ಬೋದು!"

ಕನಕರಾಜುವೂ ನಡುವೆಯೇ ತೋರಿಸಿದ. "ಪಕ್ಕದಲ್ಲಿ ಇನ್ನೊಬ್ರು ಕೂತವ್ರೆ, ಅವ್ರು ಎಲಡ್ಕೆ ಹಾಕ್ಕೊತಾವ್ರೆ," ಎಂದ. ಎಲ್ಲರೂ ನಕ್ಕರು. ನಾಗೇಂದ್ರನೂ ನಡುವೆಯೇ ತೋರಿಸಿದ.

ಗೋಡೆಗೊರಗಿ ನಿಂತಿದ್ದ ಭಾನುವಿಗೆ ಉಸಿರು ಬಂತು. ಉತ್ತರ ಸಿಕ್ಕಿತ್ತು. ನಡುವೆ. ಅವಳಿಗೆ ಮಾತ್ರ ಹಾಡು ಬಲದ ಕೌದಿಯೊಳಗಿಂದಲೇ ಬರುತ್ತಿತ್ತು. ಎಲ್ಲ ಸದ್ದೂ ಅವಳಿಗೆ ಬಲದಿಂದಲೇ. ಆದರೆ ಕೈಯನ್ನು ನೇರ ಮುಂದಕ್ಕೆ ಚಾಚಿದರೆ ಮುಗಿಯಿತು.

"ನಿಮ್ ತಂಗೀನೂ ಕೂರ್ಲಿ," ಎಂದರು ಪಾಷಾ.

"ಬ್ಯಾಡ ಬುಡಿ ಸಾಬ್ರೇ, ಅವ್ಳಿಗ್ ನಾಚ್ಕೆ," ಎಂದ ನಾಗೇಂದ್ರ.

"ಹಾಡು ಕೇಳಕ್ಕೆ ಎಂಥಾ ನಾಚ್ಕೆ? ಬಾಮ್ಮಾ."

ಸುನೀಲ ಕೈಕಟ್ಟಿ ನೋಡುತ್ತಿದ್ದ. ಭಾನು ಹೋಗಿ ಕೂತಳು. ಪಾಷಾರ ಹೆಂಡತಿ ಫಖ್ರುನ್ನೀಸಾ ಒಳಬಾಗಿಲಿಂದ ಬಂದು, ಕೂದಲು ಸಿಕ್ಕಿಕೊಳ್ಳದ ಹಾಗೆ ಮೆಲ್ಲಗೆ ಬಟ್ಟೆ ಕಟ್ಟಿದರು. ಮುಖಗಳೆಲ್ಲ ಆರಿಹೋದವು. ಇಷ್ಟು ವರ್ಷ ಅವಳನ್ನು ಕಾಪಾಡಿದ್ದು ಆ ಮುಖಗಳೇ.

"ತಡೀರಿ," ಎಂದರು ಪಾಷಾ. ದನಿಯಲ್ಲಿ ನಗುವಿತ್ತು. "ನಾನ್ ನೋಡಿದೀನಿ, ಮೊದ್ಲು ಕೂತೋರು ತೋರ್ಸಿದ್ದನ್ನೇ ಎಲ್ರೂ ತೋರ್ಸ್ತಾರೆ. ಅದ್ಕೇ ಕೊನೇಗ್ ಕೂತೋರಿಗೆ ಹಾಡೋರ ಜಾಗ ಬದ್ಲಾಯಿಸ್ತೀನಿ. ಈಗ ಹೇಳಮ್ಮಾ, ಎಲ್ಲವ್ರೆ?"

ಹಾಡು ಶುರುವಾಯಿತು. ಮೊದಲಿಗೆ ಆ ಹೆಂಗಸು ಉಸಿರೆಳೆದುಕೊಂಡದ್ದು ಕೇಳಿಸಿತು, ಪಕ್ಕದಲ್ಲೇ ಯಾರೋ ನಿಂತು ಎಳೆದುಕೊಂಡ ಹಾಗೆ. ಆಮೇಲೆ ದನಿ. ಮೊದಲಿಗಿಂತ ಕೊಂಚ ತೆಳ್ಳಗಾಗಿತ್ತು ಅಷ್ಟೇ. ಎಲ್ಲಿಂದ? ಬಲದಿಂದ. ಅದು ಯಾವಾಗಲೂ ಬಲದಿಂದಲೇ. ಅದನ್ನು ನಂಬುವ ಹಾಗಿಲ್ಲ. ಅವಳ ಕೈ ತೊಡೆಯ ಮೇಲಿಂದ ಏಳಲಿಲ್ಲ.

ಹಾಡಿನ ಒಂದು ಸಾಲು ಮುಗಿಯಿತು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂದು ಬಟ್ಟೆಯೊಳಗಿಂದಲೂ ತಿಳಿಯುತ್ತಿತ್ತು.

ಆಗ ಯಾರೋ ಕೆಮ್ಮಿದರು.

ಅಣ್ಣ. ಅವನ ಕೆಮ್ಮು ಅವಳಿಗೆ ಗೊತ್ತಿಲ್ಲವೇ? ಸ್ವಲ್ಪ ಬಿಟ್ಟು ಮತ್ತೆ ಕೆಮ್ಮಿದ, ಈ ಸಲ ಜೋರಾಗಿ, ಬೇಕೆಂದೇ. ಭಾನುವಿಗೆ ಅರ್ಥವಾಯಿತು. ಹಾಡು ಬರುತ್ತಿರುವ ಕಡೆಗೆ ಹೋಗಿ ನಿಂತುಕೊಂಡಿದ್ದಾನೆ. ಇಲ್ಲಿದೆ, ಈ ಕಡೆ ಕೈ ಮಾಡು ಎಂದು ಕರೆಯುತ್ತಿದ್ದಾನೆ.

ಆದರೆ ಎಲ್ಲಿ ನಿಂತಿದ್ದಾನೆ?

ಕೆಮ್ಮು ಕೂಡ ಬಲದಿಂದಲೇ ಬಂತು. ಹಾಡು, ಕೆಮ್ಮು, ತನ್ನದೇ ಉಸಿರು, ಎಲ್ಲ ಒಂದೇ ಕಡೆ, ಒಂದೇ ರಾಶಿ. ಒಂದೇ ಮನೆಯಲ್ಲಿ ಒಂದೇ ಅನ್ನ ತಿಂದು ಬೆಳೆದವರು ಅವರು. ಒಂದು ಕಿವಿ ಇಲ್ಲದಿದ್ದರೆ ಸದ್ದು ಅರ್ಧ ಕಡಿಮೆ ಕೇಳಿಸುತ್ತದೆ, ಅಷ್ಟೇ ಎಂದುಕೊಂಡಿದ್ದಾನೆ ಅಣ್ಣ. ಅಂಗಳದಲ್ಲಿ ಯಾರಾದರೂ ಕೂಗಿದರೆ ಯಾವ ಕಡೆ ತಿರುಗುವುದೆಂದು ತಿಳಿಯದೆ ಅವಳು ನಿಂತಲ್ಲೇ ಒಂದು ಸುತ್ತು ತಿರುಗುತ್ತಾಳೆ. ಅದನ್ನೂ ಅವನು ನಾಚಿಕೆ ಎಂದುಕೊಂಡಿದ್ದಾನೆ. ಹೇಗೆ ಕೇಳಿಸುತ್ತದೆ ನಿನಗೆ ಎಂದು ಮನೆಯಲ್ಲಿ ಯಾರೂ ಒಂದು ದಿನವೂ ಕೇಳಿರಲಿಲ್ಲ. ಯಾರಿಗೂ ಹೇಳಬೇಡ ಎಂದು ಮಾತ್ರ ಹೇಳಿದ್ದರು.

ಮೂರನೇ ಸಲ ಕೆಮ್ಮು ಬಂತು. ಅದರಲ್ಲಿ ಬೇಡಿಕೊಳ್ಳುವ ದನಿಯಿತ್ತು. ಎಡವೋ ಬಲವೋ ಒಂದು ಕಡೆ ಕೈ ಎತ್ತಿದರೆ ಅರ್ಧ ಪಾಲು ಸರಿಯಾಗಬಹುದು. ಇವತ್ತು ಸರಿಯಾದರೆ ನಾಳೆ ಮತ್ತೆ ಕೈ ಎತ್ತಬೇಕು.

ಭಾನು ಬಟ್ಟೆಯ ಗಂಟನ್ನು ಮೇಲಕ್ಕೆ ಸರಿಸಿ ಕಣ್ಣು ಬಿಟ್ಟಳು. ನಾಗೇಂದ್ರ ಎಡಗಡೆಯ ಪೆಟ್ಟಿಗೆಯ ಪಕ್ಕದಲ್ಲಿ, ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

"ನೀ ಕೆಮ್ಮುದ್ದು ಕೇಳುಸ್ತು ಕಣಣ್ಣ," ಎಂದಳು. "ಎಲ್ಲಿಂದ ಅಂತ ಗೊತ್ತಾಗ್ನಿಲ್ಲ. ನಂಗೆ ಗೊತ್ತಾಗಾಕಿಲ್ಲ."

ಪಾಷಾ ಹಾಡು ನಿಲ್ಲಿಸಿದರು.

"ನಂಗೆ ಎಡಗಿವಿ ಕೇಳುಸಾಕಿಲ್ಲ," ಎಂದಳು ಭಾನು, ಈಗ ಸುನೀಲನ ಕಡೆ ತಿರುಗಿ. "ಚಿಕ್ಕೋಳಿದ್ದಾಗ ಮಂಗನಬಾವು ಬಂದಿತ್ತು. ಯಾರ್ ಮಾತಾಡುದ್ರೂ ಬಲಗಡೆಯಿಂದ್ಲೇ ಬಂದಂಗೆ ಆಯ್ತದೆ."

ಆ ಕೋಣೆಯಲ್ಲಿ ಮಾತು ಮುಗಿದರೆ ಮುಗಿದೇಹೋಗುತ್ತದೆ. ಗೋಡೆ ಏನನ್ನೂ ವಾಪಸು ಕೊಡುವುದಿಲ್ಲ. ಕನಕರಾಜು ನೆಲ ನೋಡಿದ.

"ಯೋಳನ ಅಂತಿದ್ದೊ ಕಣಪ್ಪ ಸುನೀಲ," ನಾಗೇಂದ್ರ ತೊದಲಿದ. "ಮನೇಗ್ ಬಂದ್ಮ್ಯಾಲೆ, ಕೂತ್ಕಂಡು..."

"ಯೋಳ್ತಿರ್ಲಿಲ್ಲ," ಎಂದಳು ಭಾನು.

ಸುನೀಲ ನಾಗೇಂದ್ರನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿತ್ತು. "ಸ್ನೇಹಿತ್ರು ಅಂತ ವಾರ್ವಾರ ಜೊತೇಲ್ ಕೂತ್ಕತೀವಲ್ಲ ನಾಗೇಂದ್ರ," ಎಂದ. ಆಮೇಲೆ ಭಾನುವಿನ ಕಡೆ ತಿರುಗಿ ಕೇಳಿದ: "ಹಂಗಾದ್ರೆ ಕಾರಲ್ಲಿ ನಾನ್ ಕೇಳಿದ್ದು?"

"ಕೇಳುಸ್ನಿಲ್ಲ. ನೀವೇನೋ ಕೇಳಿದ್ರಿ ಅಂತ ಕನ್ನಡೀಲಿ ಕಾಣುಸ್ತು."

"ನಿಮ್ಗೆ ನಾನು ಇಷ್ಟ ಇಲ್ಲ, ಮನೆಯೋರು ಬಲವಂತ ಮಾಡಿ ಕರ್ಕೊಂಡ್ ಬಂದವ್ರೆ ಅನ್ಕೊಂಡಿದ್ದೆ," ಎಂದ ಅವನು. "ವಾಪಸ್ ಹೋಗ್ತಾ ಬೇಡ ಅಂತ ಹೇಳ್ಬುಡೋಣ ಅಂತ ಇಲ್ಲಿ ಕಾರ್ ಇಳಿದಾಗ ಕನಕರಾಜು ಹತ್ರನೂ ಅಂದಿದ್ದೆ."

ಹಾಗಾದರೆ ಮುಚ್ಚಿಟ್ಟದ್ದಕ್ಕೇ ಈ ಸಂಬಂಧ ಮುರಿಯುವುದರಲ್ಲಿತ್ತು.

ಫಖ್ರುನ್ನೀಸಾ ಚಹಾ ತಂದರು. ಪಾಷಾ ಸಾಹೇಬರು ಕಪ್ಪು ಬಟ್ಟೆಯನ್ನು ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸುತ್ತಿದ್ದರು. "ನಂದು ತಪ್ಪಾಯ್ತಮ್ಮಾ," ಎಂದರು ಕೊನೆಗೆ. "ನಿಂಗೆ ಒಂದೇ ಪೆಟ್ಗೆ ಸಾಕು. ಎರಡು ಮಾರೋದು ನಮ್ ವ್ಯಾಪಾರ." ಯಾರೂ ನಗಲಿಲ್ಲ. ಭಾನುವೇ ನಕ್ಕಳು. ಈ ಸಲ ಯಾರ ಮುಖವನ್ನೂ ನೋಡದೆ ನಕ್ಕಳು.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಸುನೀಲ ಅವಳ ಮುಂದೆ ಬಂದು ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಮಾತಾಡಿದ. "ನಾನು ಅಮ್ಮಂಗೆ ಹೇಳ್ಬೇಕು. ಅವ್ರು ಏನಂತಾರೋ ನಂಗೊತ್ತಿಲ್ಲ. ಸುಮ್ನೆ ಆಸೆ ಹುಟ್ಟಿಸಲ್ಲ."

"ಯೋಳಿ. ಅವ್ರು ಕೇಳುದ್ರೆ ನಾನೂ ಯೋಳ್ತೀನಿ," ಎಂದಳು ಭಾನು. ಆಮೇಲೆ, "ಕಾರಲ್ಲಿ ಏನ್ ಕೇಳಿದ್ರಿ?" ಎಂದಳು.

"ನಿಮ್ಗೆ ಹಾಡಲ್ಲಿ ಏನಿಷ್ಟ ಅಂತ."

"ಹಾಡಕ್ ಮುಂಚೆ ಉಸ್ರು ಎಳ್ಕತಾರಲ್ಲ, ಅದು. ಇವತ್ತು ಚೆನ್ನಾಗ್ ಕೇಳುಸ್ತು."

ಸುನೀಲ ತಲೆಯಾಡಿಸಿ ಕಾರಿನ ಕಡೆ ನಡೆದ.

ನಾಗೇಂದ್ರ ತಂಗಿಯ ಎಡಪಕ್ಕದಲ್ಲಿ ನಡೆಯುತ್ತಾ ಏನೋ ಹೇಳುತ್ತಿದ್ದ. ಬೈಗುಳವೋ, ಸಮಾಧಾನವೋ. ಭಾನು ತಿರುಗಲಿಲ್ಲ, ನಗಲೂ ಇಲ್ಲ. ನಾಲ್ಕು ಹೆಜ್ಜೆ ಹೋದ ಮೇಲೆ ಅವನಿಗೆ ಹೊಳೆಯಿತು. ಮಾತು ನಿಲ್ಲಿಸಿ, ಅವಳ ಹಿಂದಿನಿಂದ ಬಳಸಿ, ಬಲಕ್ಕೆ ಬಂದ.

"ಹೆಂಗ್ ಕೇಳುಸ್ತದಮ್ಮಿ ನಿಂಗೆ?" ಎಂದು ಕೇಳಿದ.

ಭಾನು ಹೇಳತೊಡಗಿದಳು.