ಐದರಲ್ಲಿ ಮೂರು

"ಬೋಟ್... ಲ್ಯಾಡರ್..." ಎಂದು ಚಿರಂತನ್ ನಿಲ್ಲಿಸಿದ.

ಆಕ್ಲೆಂಡಿನ ಆಲ್ಬನಿಯ ಆ ಪುಟ್ಟ ಕೋಣೆಯಲ್ಲಿ ಫುಟ್‌ಬಾಲ್ ತಂಡದ ಡಾಕ್ಟರ್ ಫಿಯೋನಾ ಪೆನ್ನು ಹಿಡಿದು ಕಾಯುತ್ತಿದ್ದಳು. ಐದು ನಿಮಿಷದ ಹಿಂದೆ ಅವಳು ಐದು ಪದಗಳನ್ನು ಓದಿ ಹೇಳಿದ್ದಳು. ಈಗ ಅವನು ಅವನ್ನು ನೆನಪಿನಿಂದ ಒಪ್ಪಿಸಬೇಕಿತ್ತು. ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹೆಂಡತಿ ವಂದನಾಗೆ ಐದೂ ನೆನಪಿದ್ದವು. ತುಟಿಯವರೆಗೆ ಬಂದದ್ದನ್ನು ನುಂಗಿಕೊಂಡಳು. ಗಂಡನ ಮೇಲ್ತುಟಿಯ ಮೇಲೆ ಬೆವರು ಮೂಡಿತ್ತು, ಮೊಣಕಾಲ ಮೇಲಿನ ಮುಷ್ಟಿ ಬಿಗಿದುಕೊಂಡಿತ್ತು.

"ಅಂಬ್ರೆಲಾ," ಎಂದ ಕೊನೆಗೆ. ಅದರಾಚೆ ಏನೂ ಬರಲಿಲ್ಲ.

"ಮೂರು," ಎಂದು ಫಿಯೋನಾ ಫೈಲಿನಿಂದ ಹಳೆಯ ಹಾಳೆ ತೆಗೆದಳು. "ಮಾರ್ಚಿನಲ್ಲೂ ಮೂರೇ ಹೇಳಿದ್ದೀರಿ. ಏನೂ ವ್ಯತ್ಯಾಸವಿಲ್ಲ. ತಲೆನೋವು?"

"ಇಲ್ಲವೇ ಇಲ್ಲ," ಎಂದ ಚಿರಂತನ್, ಒಳ್ಳೆಯ ಹುಡುಗನ ಹಾಗೆ.

ಆ ಮಾರ್ಚಿನ ಹಾಳೆಯ ಗುಟ್ಟು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಪ್ರತಿ ಸೀಸನ್ನಿಗೆ ಮುಂಚೆ ಆಟಗಾರರ ನೆನಪಿನ ಶಕ್ತಿಯನ್ನು ಪರೀಕ್ಷಿಸಿ ಬರೆದಿಡುತ್ತಾರೆ. ಆಮೇಲೆ ಯಾರದಾದರೂ ತಲೆಗೆ ಪೆಟ್ಟು ಬಿದ್ದರೆ ಮತ್ತೆ ಪರೀಕ್ಷಿಸಿ, ಹಳೆಯ ಅಂಕಕ್ಕೆ ಹೋಲಿಸಿ ನೋಡುತ್ತಾರೆ. ಕಡಿಮೆಯಾಗಿದ್ದರೆ ಮೈದಾನಕ್ಕೆ ಬಿಡುವುದಿಲ್ಲ. ಅದಕ್ಕೇ ಹಳೆಹುಲಿಗಳು ಮೊದಲೇ ಬೇಕೆಂದು ತಪ್ಪು ಹೇಳಿಬಿಡುತ್ತಿದ್ದರು, ಹೊಸಬರಿಗೂ ಕಲಿಸುತ್ತಿದ್ದರು. ಆಟಗಾರರ ಬುದ್ಧಿಯೆಲ್ಲ ಕಾಲಲ್ಲಿರುತ್ತದೆ ಎನ್ನುವವರು ಈ ಜಾಣತನವನ್ನು ನೋಡಬೇಕಿತ್ತು.

"ಐದೂ ಗೊತ್ತಿತ್ತು ಕಣೇ, ಮೂರೇ ಹೇಳ್ದೆ," ಎಂದು ಅವತ್ತು ಹಿಲ್ಸ್‌ಬರೋದ ಮನೆಗೆ ಮರಳುವಾಗ ಕಾರಿನಲ್ಲಿ ತೊಡೆ ತಟ್ಟಿಕೊಂಡು ನಕ್ಕಿದ್ದ. "ತಿಂಗಳುಗಳನ್ನ ಡಿಸೆಂಬರ್‌ನಿಂದ ಹಿಂದಕ್ಕೆ ಹೇಳು ಅಂದ್ಲು. ಆಗಸ್ಟನ್ನ ನುಂಗ್ಬಿಟ್ಟೆ!"

"ಕಳ್ಳ ನನ್ಮಗ್ನೇ," ಎಂದು ವಂದನಾ ಕೂಡ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು. ಆ ನಗು ಈಗ ಅವಳನ್ನು ಸುಡುತ್ತಿತ್ತು.

ಬೆಂಗಳೂರಿನ ಆಸ್ಟಿನ್ ಟೌನ್ ಮೈದಾನದಲ್ಲಿ ಬರಿಗಾಲಲ್ಲಿ ಶುರುವಾದ ಆಟ ಅವನದು. ಕೊಲ್ಕತ್ತಾದಲ್ಲಿ ಐದು ವರ್ಷ, ಗೋವಾದಲ್ಲಿ ಮೂರು ವರ್ಷ ಅದನ್ನೇ ಉಂಡು ಉಟ್ಟ. ವಂದನಾಗೆ ಆಕ್ಲೆಂಡಿನಲ್ಲಿ ಎಂಜಿನಿಯರ್ ಕೆಲಸ ಸಿಕ್ಕಾಗ ಎಲ್ಲ ಬಿಟ್ಟು ಬಂದ, ಬಂದ ತಿಂಗಳಲ್ಲೇ ಬೂಟು ಕಟ್ಟಿದ. ಇಲ್ಲಿ ಚಳಿಗಾಲಕ್ಕೆ ಹೊರಗಿನ ಹುಲ್ಲಿನಾಟ, ಬೇಸಿಗೆಗೆ ಛಾವಣಿಯ ಕೆಳಗೆ ಮರದ ನೆಲದ ಮೇಲೆ ಐದೈದು ಜನರ ಆಟ. ಅವನಿಗೆ ಎರಡೂ ಬೇಕು. ಒಳಗಿನಾಟದಲ್ಲಿ ಅವನ ಕಾಲಿನ ಚಳಕ ನೋಡಲೆಂದೇ ಜನ ಬರುತ್ತಿದ್ದರು. ಹೊರಗೆ ಮಾತ್ರ ಅವನು ಡಿಫೆಂಡರ್, ಮೇಲಿಂದ ಬಂದ ಚೆಂಡಿಗೆಲ್ಲ ತಲೆ ಕೊಡುವವನು. ವಯಸ್ಸು ಮೂವತ್ನಾಲ್ಕು. ಈ ಶನಿವಾರ ಫೈನಲ್, ಅದು ಮುಗಿದರೆ ಒಳಾಂಗಣ ತಂಡಕ್ಕೆ ಅವನೇ ನಾಯಕ. ಹದಿನಾರು ವರ್ಷದಲ್ಲಿ ಒಮ್ಮೆಯೂ ಸಿಗದ ನಾಯಕತ್ವ.

ಮೂರು ವಾರದ ಹಿಂದೆ ಕಾರ್ನರ್ ಕಿಕ್ಕಿಗೆ ಹಾರಿದಾಗ ಎರಡು ತಲೆ ಡಿಕ್ಕಿಯಾದವು. ಅವನೇನೋ ಎದ್ದು ಕೈಬೀಸಿದ, ಜನ ಚಪ್ಪಾಳೆ ತಟ್ಟಿದರು. ಆಮೇಲಿನದು ಮನೆಯವಳಿಗೆ ಮಾತ್ರ ಗೊತ್ತು. ಹೋದ ಭಾನುವಾರ ಮೂಲೆಯ ಡೈರಿ ಅಂಗಡಿಯಿಂದ ಹಾಲು ತಂದ. ಅರ್ಧ ಗಂಟೆಗೆ ಮತ್ತೆ ಹೋಗಿ ತಂದ. ಮೂರನೇ ಸಲ ತಂದಾಗ ಫ್ರಿಜ್ಜಿನ ಬಾಗಿಲು ತೆರೆದು, ಒಳಗಿದ್ದ ಎರಡು ಕ್ಯಾನುಗಳನ್ನು ನೋಡುತ್ತ ತುಂಬ ಹೊತ್ತು ನಿಂತಿದ್ದ. "ಯಾರ್ ತಂದಿದ್ದು ಇವನ್ನ?" ಎಂದು ಮೆಲ್ಲಗೆ ಕೇಳಿದ್ದ.

ಇವತ್ತು ಈ ಕೋಣೆಯ ಬಾಗಿಲಲ್ಲಿ ಅವಳ ಕೈ ಹಿಡಿದು, "ನೀನೇನೂ ಬಾಯಿ ಬಿಡ್ಬೇಡ, ಪ್ಲೀಸ್. ಒಂದು ಮ್ಯಾಚು, ಒಂದು ಬೇಸಿಗೆ. ಆಮೇಲೆ ನೀನು ಹೇಳ್ದಂಗೆ," ಎಂದಿದ್ದ. ಅವಳು ಹೂಂ ಎಂದೂ ಹೇಳಿರಲಿಲ್ಲ, ಊಹೂಂ ಎಂದೂ ಹೇಳಿರಲಿಲ್ಲ.

ಆಡಬಹುದೆಂಬ ಸಹಿಗೆ ಫಿಯೋನಾ ಪೆನ್ನು ತಗ್ಗಿಸಿದಳು.

"ಮಾರ್ಚಿನದು ಸುಳ್ಳು," ಎಂದಳು ವಂದನಾ ಇಂಗ್ಲಿಷಿನಲ್ಲಿ. ಹೇಳಿದ್ದು ತಾನೇನಾ ಎಂದು ಅವಳಿಗೇ ಅನುಮಾನವಾಯಿತು. "ಅವತ್ತು ಐದೂ ಗೊತ್ತಿತ್ತು, ಬೇಕೆಂದೇ ಮೂರು ಹೇಳಿದ. ಇವತ್ತಿನದು ಸುಳ್ಳಲ್ಲ. ಇವತ್ತು ಅವನ ಕೈಲಿ ಆಗಿದ್ದೇ ಅಷ್ಟು."

ಪೆನ್ನು ನಿಂತಿತು. ಚಿರಂತನ್ ಹೆಂಡತಿಯತ್ತ ತಿರುಗಿದ. ರೇಗುತ್ತಾನೆ ಎಂದುಕೊಂಡಿದ್ದಳು, ರೇಗಲಿಲ್ಲ. "ನೀನಾ?" ಎಂದ ಅಷ್ಟೇ. ಆಮೇಲೆ ಫಿಯೋನಾ ಮೆತ್ತಗೆ, ಉದ್ದಕ್ಕೆ ಏನೇನೋ ವಿವರಿಸಿದಳು. ಸ್ಕ್ಯಾನ್, ನರತಜ್ಞರು, ಶನಿವಾರವಂತೂ ಇಲ್ಲ, ಬೇಸಿಗೆಯೂ ಇಲ್ಲ, ಬಹುಶಃ ಇನ್ನು ಯಾವತ್ತೂ ಇಲ್ಲ. ಅವನು ತಲೆ ತಗ್ಗಿಸಿ ಕೂತು ಕೇಳಿದ. ಕಾರಿಗೆ ಬಂದ ಮೇಲೆ ಕಿಟಕಿಗೆ ಹಣೆಯಾನಿಸಿ ಕಣ್ಣು ಮುಚ್ಚಿಕೊಂಡ.

ವಂದನಾ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಳು. ಟ್ಯಾಂಕು ತುಂಬಿಸಿ, ಒಳಗೆ ಹೋಗಿ ದುಡ್ಡು ಕೊಟ್ಟು, ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡು ಬಂದಳು. ಅವನ ಬದುಕನ್ನು ಕೈಯಾರೆ ಕಿತ್ತುಕೊಂಡೆನಲ್ಲ ಎಂಬುದೊಂದೇ ತಲೆಯಲ್ಲಿತ್ತು. ಬಾಗಿಲು ತೆಗೆದಾಗ ಚಿರಂತನ್ ಎದ್ದು ನೆಟ್ಟಗೆ ಕೂತಿದ್ದ.

"ಏನಂದ್ಲು ಫಿಯೋನಾ?" ಎಂದ. "ಶನಿವಾರಕ್ಕೆ ಓಕೆ ತಾನೇ?"

ಚುಚ್ಚಲು ಕೇಳುತ್ತಿದ್ದಾನೆ ಎಂದುಕೊಂಡು ಅವನ ಮುಖ ನೋಡಿದಳು. ಕೊಂಕು ಇರಲಿಲ್ಲ. ಆಸೆಯಿತ್ತು.

"ಇಲ್ಲ ಚಿರು," ಎಂದಳು. "ಆಡ್ಬಾರ್ದಂತೆ. ಬೇಸಿಗೇಲೂ ಬೇಡವಂತೆ."

ಆ ಮುಖ ಅರ್ಧ ಗಂಟೆಯಲ್ಲಿ ಎರಡನೇ ಸಲ ಬಾಡಿತು. ಮೊದಲ ಸಲ ಕೇಳಿದವನ ಹಾಗೆಯೇ ಬಾಡಿತು.

"ಮಾರ್ಚಲ್ಲಿ ಮೂರೇ ಹೇಳಿದ್ನಲ್ಲ ನಾನು. ಹೆಂಗ್ ಗೊತ್ತಾಯ್ತು ಅವ್ಳಿಗೆ? ಯಾರ್ ಹೇಳಿದ್ದು?"

ಯಾರ ಹೆಸರನ್ನಾದರೂ ಹೇಳಬಹುದಿತ್ತು. ಅವನು ನಂಬುತ್ತಿದ್ದ, ಅವಳ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದ. ವಂದನಾ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾನೇ ಕಣೋ."

"ನೀನಾ?" ಎಂದ ಅವನು.

ಹಿಂದೆ ಒಂದು ಯೂಟ್, ಹಿಂಬದಿ ತೆರೆದ ಪಿಕಪ್ ಗಾಡಿ, ಬಂದು ನಿಂತಿತ್ತು. ಅದರ ಚಾಲಕ ಹಾರ್ನ್ ಹೊಡೆಯದೆ, ಪಂಪು ಖಾಲಿಯಾಗುವುದನ್ನೇ ಕಾಯುತ್ತ ಕೂತಿದ್ದ.